ಸಹಾಯ ಬೇಕು: ಚುಕ್ಕಿ ಹೊಡೆಯುವಾಗ ಚಿನ್ನ ಬಿರುಕು ಬಿಡ್ತಿದೆ

ಇಟಲಿಯ ಚಿತ್ರಕಾರ ಕಾರ್ಲೋ ಕ್ರಿವೆಲ್ಲಿ 1476ರಲ್ಲಿ ಮಾಡಿದ ಬಲಿಪೀಠದ ಫಲಕದಿಂದ (ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ) ಸಂತ ಪೇತ್ರನ ಚಿತ್ರವನ್ನು ಹಳೇ ಕ್ರಮದಲ್ಲೇ ನಕಲು ಮಾಡ್ತಿದ್ದೀನಿ. ಸಂತನ ಕೈಯಲ್ಲಿರೋ ಉಬ್ಬಿಸಿದ ಬೀಗದಕೈಗಳು ಸೊಗಸಾಗಿ ಬಂದಿವೆ. ತೊಂದರೆ ಇರೋದು ಪ್ರಭಾವಳಿಯಲ್ಲಿ.

ಪಾಪ್ಲರ್ ಹಲಗೆ, ಮೇಲೆ ಬಟ್ಟೆ, ಮೊಲದ ಚರ್ಮದ ಅಂಟು ಮತ್ತು ಜಿಪ್ಸಮ್ಮಿನ ಗೆಸ್ಸೋ (ತಳಕ್ಕೆ ಬಳಿಯೋ ಬಿಳಿ ಲೇಪ) 8 ಕೋಟು, ಕೆಂಪು ಬೋಲ್ ಮಣ್ಣು (ಚಿನ್ನದ ಅಡಿಗೆ ಹಚ್ಚೋ ನುಣುಪು ಜೇಡಿ) 4 ಕೋಟು. ನೀರು ಸವರಿ 23 ಕ್ಯಾರೆಟ್ ಚಿನ್ನದ ರೇಕು ಕೂರಿಸಿ ಅಗೇಟ್ ಕಲ್ಲಿಂದ ಉಜ್ಜಿದರೆ ಕನ್ನಡಿ ಹಾಗೆ ಹೊಳೆಯುತ್ತೆ. ಆದರೆ ಅಲಂಕಾರಕ್ಕೆ ಚಿನ್ನದ ಮೇಲೆ ಲೋಹದ ಮೊನೆಯಿಂದ ಚುಕ್ಕಿ ಹೊಡೆದ ಕೂಡಲೇ ಸುತ್ತ ಕೂದಲೆಳೆ ಬಿರುಕು, ಕೆಲವೆಡೆ ಗೆಸ್ಸೋ ಸಮೇತ ಚಕ್ಕೆ ಏಳುತ್ತೆ.

ಅಂಟು ಮತ್ತು ನೀರು 1:10 ಇದ್ದದ್ದನ್ನು 1:14 ಮಾಡಿದೆ. ಬಿರುಕು ನಿಂತಿತು, ಆದರೆ ತಳ ಮೆತ್ತಗಾಗಿ ಉಜ್ಜುವಾಗಲೇ ಚಿನ್ನ ಕಿತ್ತು ಬಂತು. ಮೊನೆ ದುಂಡಗೆ ಮಾಡಿದ್ದರಿಂದಲೂ ಪ್ರಯೋಜನ ಆಗ್ಲಿಲ್ಲ.

1:10 ಅಂಟನ್ನೇ ಇಟ್ಟುಕೊಂಡು, ಉಜ್ಜಿದ ದಿನವೇ ಗೆಸ್ಸೋದಲ್ಲಿ ಪಸೆ ಇರುವಾಗ ಚುಕ್ಕಿ ಹೊಡೆಯಬೇಕಾ? ಇಲ್ಲಾ ಮೇಲಿನ ಕೋಟುಗಳಿಗೆ ಮಾತ್ರ ಅಂಟು ತೆಳು ಮಾಡಬೇಕಾ?