ಸಹಾಯ ಬೇಕು: ಹಳೇ ನವಲಗುಂದ ಜಮಖಾನೆ ತೊಳೆದುಕೊಡುವವರು ಯಾರಿದ್ದಾರೆ?

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಅಜ್ಜಿ ಕಾಲದ ನವಲಗುಂದದ ಜಮಖಾನೆ ಇದೆ, ದಪ್ಪ ಹತ್ತಿ ನೂಲಿನದು, ನಡುವೆ ಪಗಡೆ ಹಾಸು, ಸುತ್ತ ನವಿಲು. ಒಂದು ಮೂಲೆಯಲ್ಲಿ ಚಹಾದ ಕಂದು ಕಲೆ ಉಳಿದಿದೆ, ಮಳೆಗಾಲದ ಮುಗ್ಗಲು ವಾಸನೆಯೂ ಹೋಗುತ್ತಿಲ್ಲ. ಹುಬ್ಬಳ್ಳಿ-ಧಾರವಾಡ ಕಡೆ ಇಂಥದ್ದನ್ನು ಕೈಯಲ್ಲೇ ತೊಳೆಯುವವರು ಗೊತ್ತಿದ್ದರೆ ದಯವಿಟ್ಟು ತಿಳಿಸಿ.

ಒಂದು ಡ್ರೈಕ್ಲೀನಿಂಗ್ ಅಂಗಡಿಯಲ್ಲಿ ವಿಚಾರಿಸಿದೆ, ಬಣ್ಣ ಬಿಡುತ್ತದಾ ಅಂತ ನೋಡದೆ ನೇರ ಮಷಿನ್‌ಗೆ ಹಾಕುತ್ತೇವೆ ಎಂದರು, ಕೊಡಲು ಮನಸ್ಸಾಗಲಿಲ್ಲ. ಒದ್ದೆ ಮಾಡಿದ ಬಿಳಿ ಬಟ್ಟೆಯನ್ನು ಹಿಂಬದಿಗೆ ಒತ್ತಿ ಹಿಡಿದು ನೋಡಿದೆ. ಕೆಂಪು ಹತ್ತಿತು, ಹಳದಿ, ಕಪ್ಪು ಹತ್ತಲಿಲ್ಲ. ಅಂದಮೇಲೆ ಬಿಸಿನೀರು, ಬ್ಲೀಚ್ ಎರಡೂ ಬೇಡ ಅಲ್ವಾ? ವಿನೆಗರ್ ಹಾಕಿದರೆ ಬಣ್ಣ ನಿಲ್ಲುತ್ತದೆ ಎಂದು ತುಂಬಾ ಜನ ಹೇಳುತ್ತಾರೆ, ಹತ್ತಿಗೆ ಅದನ್ನು ನಂಬಿ ಕೂರುವುದು ನನಗೆ ಸರಿ ಕಾಣುವುದಿಲ್ಲ. ಮಾಡಿ ನೋಡಿದವರು ಹೇಳಿ.

ಒಣಗಿಸುವುದೇ ದೊಡ್ಡ ಚಿಂತೆ. ಒದ್ದೆಯಾದರೆ ಭಾರ ಜಾಸ್ತಿ, ಹಗ್ಗಕ್ಕೆ ಹಾಕಿದರೆ ಎಳೆದುಕೊಂಡು ಆಕಾರ ಕೆಡುತ್ತದೆ. ನೆರಳಲ್ಲಿ, ಕೆಳಗಿನಿಂದಲೂ ಗಾಳಿಯಾಡುವ ಹಾಗೆ ಹಾಸಿ ಒಣಗಿಸುವವರೇ ಬೇಕು. ದುಡ್ಡು ಸ್ವಲ್ಪ ಹೆಚ್ಚಾದರೂ ಪರವಾಗಿಲ್ಲ.

ಅಂಚಿನಲ್ಲಿ ಒಂದೆರಡು ಎಳೆ ಬಿಚ್ಚಿವೆ. ನವಲಗುಂದದಲ್ಲಿ ನೇಯುವ ಹೆಣ್ಣುಮಕ್ಕಳು ರಿಪೇರಿಯನ್ನೂ ಮಾಡಿಕೊಡುತ್ತಾರಾ? ತೊಳೆಯುವ ಮೊದಲೇ ಅದನ್ನು ಮಾಡಿಸಬೇಕು.