ಮಾವಾರ, ಬ್ಯಾಟರಿ ಈಗ್ಲೇ ತರಬ್ಯಾಡ್ರಿ

ಮಾವಾರ, ನಿಮ್ಮ ಮೆಸೇಜ್ ನೋಡ್ದೆ. ಮಾರುತಿ 800 ಮುಂಜಾನೆ ಕೀ ತಿರುವಿದ್ರ ಬರೇ ಟಕಟಕ ಅಂತೈತಿ, ತಳ್ಳಿದ್ರ ಚಾಲೂ ಆಗ್ತೈತಿ, ಗ್ಯಾರೇಜಿನವ ಹೊಸ ಬ್ಯಾಟರಿ ಅಂದಾನ ಅಂತ ಬರ್ದೀರಿ. ತಡೀರಿ. ಚಾರ್ಜಿಂಗ್ ಕೆಟ್ಟಿದ್ರ ಹೊಸ ಬ್ಯಾಟರೀನೂ ನಾಕು ದಿನದಾಗ ಇಳೀತೈತಿ, ರೊಕ್ಕ ದಂಡ.

ಗಂಗಾವತ್ಯಾಗ ಯಾವ ಎಲೆಕ್ಟ್ರಿಕಲ್ ಅಂಗಡ್ಯಾಗ ಕೇಳಿದ್ರೂ ವೋಲ್ಟೇಜ್ ಅಳೆಯೋ ಮಲ್ಟಿಮೀಟರ್ ಕೊಡ್ತಾರ. ಅದನ್ನ 20 ವೋಲ್ಟ್ ಡಿಸಿಗೆ ಇಡ್ರಿ. ಮುಂಜಾನೆ ಗಾಡಿ ಮುಟ್ಟೋಕಿಂತ ಮೊದ್ಲು ಬ್ಯಾಟರಿ ಪೋಲಿಗೆ ಹಚ್ಚಿ ನೋಡ್ರಿ. 12.6 ಇದ್ರ ಫುಲ್, 12.2 ಅಂದ್ರ ಅರ್ಧ, 12ರ ಕೆಳಗ ಇದ್ರ ಖಾಲಿ. ಖಾಲಿ ಬ್ಯಾಟರಿ ಪರೀಕ್ಷೆ ಮಾಡಿ ಉಪಯೋಗಿಲ್ಲ, ಮೊದ್ಲು 3–4 ಆಂಪಿಯರಿನ್ಯಾಗ ರಾತ್ರಿಯೆಲ್ಲಾ ಚಾರ್ಜ್ ಮಾಡಿಸ್ರಿ. ನಮ್ಮ ಕಡೆ ಬ್ಯಾಸಗ್ಯಾಗ ನೀರು ಲಗೂನ ಇಳೀತೈತಿ. ಪ್ಲೇಟ್ ಬಯಲಾಗಿದ್ರ ಡಿಸ್ಟಿಲ್ಡ್ ವಾಟರ್ ಹಾಕ್ರಿ, ಬೋರಿನ ನೀರು ಬ್ಯಾಡೇ ಬ್ಯಾಡ. ಚಾರ್ಜ್ ಆಗೋ ಹೊತ್ತಿನ್ಯಾಗ ಹತ್ರ ಬೀಡಿ, ಬೆಂಕಿ ತರಬ್ಯಾಡ್ರಿ.

ಆಮ್ಯಾಲ ಗಾಡಿ ನ್ಯೂಟ್ರಲ್ಲಿಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳ್ದು, ಒಬ್ಬರಿಗೆ ಸೆಲ್ಫ್ ಹೊಡೀಲಿಕ್ಕೆ (ಕೀ ತಿರುವಿ ಚಾಲೂ ಮಾಡ್ಲಿಕ್ಕೆ) ಹೇಳಿ ಬ್ಯಾಟರಿಗೆ ಹಚ್ಚಿದ ಮೀಟರ್ ನೋಡ್ರಿ. ಫುಲ್ ಚಾರ್ಜ್ ಆದ ಬ್ಯಾಟರಿ 7–8ಕ್ಕ ಬಿದ್ರ ಬ್ಯಾಟರಿ ಒಳಗಿನ ಒಂದು ಸೆಲ್ ಹೋಗಿರಬೇಕು, ಇಲ್ಲಾ ಇಂಜಿನ್ ತಿರುಗ್ಸೋ ಸೆಲ್ಫ್ ಮೋಟಾರ್ ಜಾಮಾಗಿ ಕರೆಂಟ್ ಎಳೀತೈತಿ. 10ರ ಮ್ಯಾಲ ನಿಂತೂ ಸೆಲ್ಫ್ ನಿಧಾನ ತಿರುಗಿದ್ರ ಬ್ಯಾಟರಿ ಬೈಬ್ಯಾಡ್ರಿ, ವೈರಿನ ಕಡೆ ಹೋಗ್ರಿ.

ಹಳೇ ಗಾಡ್ಯಾಗ ಖರೇ ಕಳ್ಳ ಅಲ್ಲೇ ಇರ್ತಾನ. ಟರ್ಮಿನಲ್ ಮ್ಯಾಲಿಂದ ಚಂದ ಕಾಣ್ತೈತಿ, ಬಿಚ್ಚಿದ್ರ ಒಳಗ ಬಿಳಿ-ಹಸಿರು ಪುಡಿ. 10 ನಂಬರ್ ಪಾನಾದಿಂದ ಮೊದ್ಲು ಮೈನಸ್ ಬಿಚ್ರಿ, ಹಾಕೋವಾಗ ಮೈನಸ್ ಕೊನೀಗೆ. ಸೋಡಾಪುಡಿ ನೀರಿನಿಂದ ತೊಳ್ದು, ಸ್ಯಾಂಡ್‌ಪೇಪರಿನಿಂದ ತಿಕ್ಕಿ ಹೊಳಿಸ್ರಿ. ಟರ್ಮಿನಲ್ ವಾಪಸ್ ಬಿಗಿದ ಮ್ಯಾಲ ಮೀಟರಿನ ಒಂದು ಮುಳ್ಳು ಮೈನಸ್ ಪೋಲಿನ ಸೀಸದ ಮ್ಯಾಲ, ಇನ್ನೊಂದು ಇಂಜಿನ್ ಬ್ಲಾಕಿನ ಬರೀ ಕಬ್ಬಿಣಕ್ಕ ಹಿಡ್ದು ಸೆಲ್ಫ್ ಹೊಡೀರಿ. 0.3 ವೋಲ್ಟಿಗಿಂತ ಜಾಸ್ತಿ ಬಂದ್ರ ಅರ್ತ್ ವೈರ್ (ಮೈನಸ್ಸಿನಿಂದ ಬಾಡಿ, ಇಂಜಿನ್ನಿಗೆ ಹೋಗೋದು) ಸರಿ ಇಲ್ಲ. ಪ್ಲಸ್ ಪೋಲಿನಿಂದ ಸೆಲ್ಫ್ ಮೋಟಾರಿನ ದಪ್ಪ ಬೋಲ್ಟಿಗೂ ಹಂಗ ನೋಡ್ರಿ, 0.5 ದಾಟಬಾರ್ದು. ನಿಮ್ಮ ಟಕಟಕ ಸಪ್ಪಳ ವೋಲ್ಟೇಜ್ ಸಾಲ್ತಿಲ್ಲ ಅನ್ನೋದರ ಗುರ್ತು. ಲೈಟ್ ಝಗ್ಗಂತ ಇದ್ದು ಒಂದೇ ಸಲ ಟಕ್ ಅಂದ್ರ ಮಾತ್ರ ಸೆಲ್ಫ್ ಮೋಟಾರಿನ ಸೊಲೆನಾಯ್ಡ್ (ಕರೆಂಟ್ ಬಿಡೋ ಸ್ವಿಚ್), ಒಳಗಿನ ಕಾರ್ಬನ್ ಬ್ರಷ್ ಬಿಚ್ಚಿಸಿ ನೋಡಬೇಕು.

ಗಾಡಿ ಚಾಲೂ ಆದ ಮ್ಯಾಲ ಸ್ವಲ್ಪ ರೇಸ್ ಕೊಟ್ಟು ಬ್ಯಾಟರಿ ಮ್ಯಾಲ ನೋಡ್ರಿ: 13.8ರಿಂದ 14.4 ಬರಬೇಕು. ಹೆಡ್‌ಲೈಟ್, ಬ್ಲೋವರ್ ಹಾಕಿದ್ರೂ 13.5ರ ಕೆಳಗ ಇಳೀಬಾರ್ದು. 12.5ರ ಹತ್ರಾನ ಇದ್ದು ಇಳೀತಾ ಹೋದ್ರ ಡೈನಮೋ (ಇಂಜಿನ್ ಓಡುವಾಗ ಬ್ಯಾಟರಿ ತುಂಬ್ಸೋ ಆಲ್ಟರ್ನೇಟರ್) ಚಾರ್ಜ್ ಕೊಡ್ತಿಲ್ಲ. ಅದನ್ನ ಬಿಚ್ಚೋಕಿಂತ ಮೊದ್ಲು ಇಂಜಿನ್ ಬಂದ್ ಮಾಡಿ ಅದರ ಬೆಲ್ಟ್ ಒತ್ತಿ ನೋಡ್ರಿ, ಒಂದು ಸೆಂಟಿಮೀಟರಿನಷ್ಟು ಬಗ್ಗಿದ್ರ ಸರಿ. ಕೀ ಹಾಕಿದಾಗ ಡ್ಯಾಶ್‌ಬೋರ್ಡಿನ ಬ್ಯಾಟರಿ ದೀಪ ಹತ್ತತೈತೇನು? ಹತ್ತದಿದ್ರ ಆ ಸಣ್ಣ ಬಲ್ಬ್ ಸುಟ್ಟಿರಬಹುದು, ಅದಕ್ಕೇ ಡೈನಮೋ ಏಳದಂಗಾಗಿರಬಹುದು. ಚಾಲೂ ಇದ್ದಾಗ ವೋಲ್ಟೇಜ್ 15 ದಾಟಿದ್ರ ಅದನ್ನ ಹಿಡಿತದಾಗ ಇಡೋ ರೆಗ್ಯುಲೇಟರ್ ಹೋಗೈತಿ, ಬ್ಯಾಟರಿ ಕುದ್ದು ಸಾಯ್ತೈತಿ. ಇಂಜಿನ್ ಓಡುವಾಗ ಟರ್ಮಿನಲ್ ತೆಗ್ದು ಪರೀಕ್ಷೆ ಮಾಡೋ ರೂಢಿ ಐತಲ್ಲ, ಅದನ್ನ ಯಾರಿಗೂ ಮಾಡಾಕ ಬಿಡಬ್ಯಾಡ್ರಿ. ವೋಲ್ಟೇಜ್ ಜಿಗಿದು ಡೈನಮೋದ ಡಯೋಡ್ ಸುಡ್ತಾವ.

ಇದೆಲ್ಲಾ ಸರಿ ಇದ್ದೂ ರಾತ್ರಿ ಕಳ್ಯೋದ್ರಾಗ ಬ್ಯಾಟರಿ ಇಳಿದಿದ್ರ ಎಲ್ಲೋ ಕರೆಂಟ್ ಸೋರ್ತೈತಿ, ಆಮ್ಯಾಲ ಹಾಕ್ಸಿದ ಟೇಪಿನ ವೈರ್ ಮೊದ್ಲು ಬಿಚ್ಚಿ ನೋಡ್ರಿ.

ನಾಳೆ ಮುಂಜಾನಿ ವೋಲ್ಟೇಜು, ಸೆಲ್ಫ್ ಹೊಡ್ಯುವಾಗಿಂದು, ಚಾಲೂ ಆದ ಮ್ಯಾಲಿಂದು, ಮೂರೂ ಇಲ್ಲೇ ಹಾಕ್ರಿ. ನೋಡಿ ಹೇಳ್ತೀನಿ.