ಬೀಗ ತೆಗೆಯುವಾಗ 1 ಬಿತ್ತು. ಇದು ಬಗ್ಗಾ, ಗೇಮ್ ಇರುವುದೇ ಹಾಗಾ?

ಕುಂಜಿಬೆಟ್ಟು_ಕಳ್ಳ:
ನಿನ್ನೆ ರಾತ್ರಿ ಜೋರು ಮಳೆ. ಕರೆಂಟ್ ಹೋಗುವ ಮೊದಲು ಒಂದು ಪೆಟ್ಟಿಗೆ ಒಡೆದು ಮಲಗುವ ಅಂತ ಬಾಲ್ಡರ್ಸ್ ಗೇಟ್ 3 ಕಂಪ್ಯೂಟರ್ ಗೇಮ್ ಹಾಕಿದ್ದೆ. ನನ್ನ ರೋಗ್, ಅಂದರೆ ಕಳ್ಳನ ಪಾತ್ರ, 5ನೇ ಲೆವೆಲ್. ಬೀಗದ ಡಿಸಿ, ಅಂದರೆ ತೆರೆಯಲು ಒಟ್ಟು ಬರಬೇಕಾದ ಅಂಕ, 10. ಎಲ್ಲ ಸೇರಿ ನನ್ನ ಬೋನಸ್ಸೇ +10. 20 ಮುಖದ ದಾಳದಲ್ಲಿ 1 ಬಿತ್ತು. ಆದರೂ ಒಟ್ಟು 11, ಬೀಗ ತೆರೆಯಬೇಕು ಅಲ್ವಾ? ತೆರೆಯಲಿಲ್ಲ. ಬೀಗ ತೆಗೆಯುವ ಸಲಕರಣೆಯೂ ಒಂದು ಹೋಯಿತು.

ನಾವು ಐದು ಜನ ಪ್ರತಿ ಭಾನುವಾರ ಮಹಡಿ ಮೇಲೆ ಕೂತು ಈ ಗೇಮಿಗೆ ಮೂಲವಾದ ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಆಡುತ್ತೇವೆ, 2014ರ ನಿಯಮ ಪುಸ್ತಕ ಇಟ್ಟುಕೊಂಡು. ಅದರಲ್ಲಿ '1 ಬಿದ್ದರೆ ಮುಗೀತು' ಅನ್ನುವುದು ಹೊಡೆತಕ್ಕೆ. ಬೀಗ, ಮಾತುಕತೆ, ಗೋಡೆ ಹತ್ತುವುದು, ಇದಕ್ಕೆಲ್ಲ ಒಟ್ಟು ಎಷ್ಟಾಯಿತು ಅಂತ ನೋಡಿದರೆ ಆಯಿತು. ಬಗ್ ರಿಪೋರ್ಟ್ ಅರ್ಧ ಬರೆದಿಟ್ಟಿದ್ದೇನೆ. ಕಳಿಸಲಾ?

ಗೋಳಿಬಜೆ:
ಬೇಡ ಮಾರಾಯ್ರೆ. 1 ಬಿದ್ದಾಗ ಪರದೆ ಮೇಲೆ ಎಂತ ಬಂತು ನೋಡಿದ್ರಾ? 'ಕ್ರಿಟಿಕಲ್ ಫೇಲ್ಯೂರ್' ಅಂತ ಬರುತ್ತದೆ. ಬಗ್ಗಿಗೆ ಯಾರಾದರೂ ಹೆಸರಿಟ್ಟು, ಅಕ್ಷರ ಬಿಡಿಸಿ ಕೂರುತ್ತಾರಾ? 20 ಬಿದ್ದರೆ ಡಿಸಿ 30 ಇದ್ದರೂ ಗೆಲ್ಲುತ್ತೀರಿ. ಆಗ ಯಾರೂ ರಿಪೋರ್ಟ್ ಬರೆಯುವುದಿಲ್ಲ. ನಾನೂ ಬರೆದಿಲ್ಲ.

ಮದ್ದು ಕುಡಿಯುವುದನ್ನೇ ನೋಡಿ. ನಿಮ್ಮ 2014ರ ಪುಸ್ತಕದಲ್ಲಿ ಅದಕ್ಕೆ ಇಡೀ ಆ್ಯಕ್ಷನ್, ಅಂದರೆ ಆ ಸರದಿಯ ಮುಖ್ಯ ಕೆಲಸವೇ, ಬೇಕು. ಗೇಮಲ್ಲಿ ಬೋನಸ್ ಆ್ಯಕ್ಷನ್, ಅಂದರೆ ಅದರ ಜೊತೆಗೆ ಮಾಡುವ ಚಿಕ್ಕ ಕೆಲಸ, ಸಾಕು. ಗೇಮ್ ಬಂದದ್ದು 2023ರಲ್ಲಿ. 2024ರ ಹೊಸ ಪುಸ್ತಕ ತೆಗೆದರೆ ಅಲ್ಲೂ ಬೋನಸ್ ಆ್ಯಕ್ಷನ್ನೇ! ಒಂದು ವರ್ಷ ಬಗ್ಗಾಗಿದ್ದು ಆಮೇಲೆ ತಾನಾಗಿ ಸರಿಯಾಯಿತಾ?

ಕುಂಜಿಬೆಟ್ಟು_ಕಳ್ಳ:
ಮದ್ದಿನ ವಿಷಯ ಒಪ್ಪಿದೆ. ನಮ್ಮ ಆಟ ನಡೆಸುವ ಡಿಎಂ ಕೂಡ ಹಾಗೇ ಬಿಡುತ್ತಾನೆ. ಆದರೆ 1ರ ನಿಯಮ 2024ರ ಪುಸ್ತಕದಲ್ಲೂ ಇಲ್ಲವಲ್ಲ? ಕಸುಬು ಕಲಿತ ಕಳ್ಳನಿಗೆ 20ರಲ್ಲಿ ಒಂದು ಸಲ ಕೈ ನಡುಗುವುದು ಅಂದರೆ ಮರ್ಯಾದೆ ಪ್ರಶ್ನೆ.

ಮಂಜೊಟ್ಟಿ_ಅಕ್ಕ:
ನಿಮ್ಮ ಡ್ರ್ಯಾಗನ್ ನನಗೆ ಗೊತ್ತಿಲ್ಲ, ಮಗ ಆಡುವಾಗ ಪಕ್ಕ ಕೂತು ನೋಡಿದ್ದಷ್ಟೇ. ಚೆನ್ನೆಮಣೆ ಗೊತ್ತು. 14 ಗುಳಿ, ಗುಳಿಗೆ 4 ಮಂಜೊಟ್ಟಿ ಕಾಯಿ. ಆಟಿ ತಿಂಗಳಲ್ಲಿ ಕಾರ್ಕಳದ ಅಜ್ಜಿ ಮನೆಯಲ್ಲಿ ಆಡಿ ಬೆಳೆದವಳು. ಮದುವೆಯಾಗಿ ಮೂಲ್ಕಿಗೆ ಬಂದರೆ ಅತ್ತೆಯವರು ಕಾಯಿ ಎತ್ತಿಕೊಳ್ಳುವ ಲೆಕ್ಕವೇ ಬೇರೆ. "ಇದು ತಪ್ಪು ಅತ್ತೆ" ಅಂದೆ. "ಮಣೆ ಯಾರದ್ದು?" ಅಂದರು.

ತುಳು ಪಾಡ್ದನದ ಅವಳಿ ಸೋದರಿಯರಾದ ಅಬ್ಬಗ ದಾರಗರ ಹಾಗೆ ಮಣೆ ಎತ್ತಿ ಹೊಡೆದಾಡಲಿಕ್ಕೆ ಆಗುತ್ತದಾ? ಅವರ ಲೆಕ್ಕವನ್ನೇ ಕಲಿತೆ. ಆದರೆ ತಾವು ಹೇಳಿದ ಲೆಕ್ಕವನ್ನು ತಾವೇ ಮುರಿದ ದಿನ ಮಾತ್ರ ನಾನು ಬಿಡುತ್ತಿರಲಿಲ್ಲ. ಹಿಡಿದು ಕೇಳುತ್ತಿದ್ದೆ.

ಗೋಳಿಬಜೆ:
ಅಕ್ಕ ಹೇಳಿದ್ದೇ ನಾನು ಹೇಳಬೇಕಿದ್ದದ್ದು. ಮೌಸ್ ಇಟ್ಟಾಗ ಬರುವ ವಿವರಣೆ ಓದಿ. ಅಲ್ಲಿ ಬರೆದದ್ದು ಒಂದು, ಆಗುವುದು ಇನ್ನೊಂದು ಅಂತಿದ್ದರೆ ಧಾರಾಳ ರಿಪೋರ್ಟ್ ಕಳಿಸಿ.

ವೇಗ ಹೆಚ್ಚಿಸುವ ಹೇಸ್ಟ್ ಮಂತ್ರವೂ ಹೀಗೇ. ಪುಸ್ತಕದಲ್ಲಿ ಅದರಿಂದ ಸಿಗುವ ಹೆಚ್ಚಿನ ಆ್ಯಕ್ಷನ್‌ಗೆ ಒಂದೇ ಏಟು. ಗೇಮಲ್ಲಿ ಪೂರ್ತಿ ಆ್ಯಕ್ಷನ್, 5ನೇ ಲೆವೆಲ್ ಫೈಟರ್ ಎರಡು ಏಟು ಹೊಡೆಯುತ್ತಾನೆ. ಆದರೆ ಗೇಮಿನ ಅತಿ ಕಠಿಣವಾದ ಆನರ್ ಮೋಡಿನಲ್ಲಿ ಮತ್ತೆ ಒಂದೇ ಏಟು. ಉಳಿದ ಕಡೆ ಬೇಕಂತಲೇ ಬಿಟ್ಟಿದ್ದಾರೆ ಅಂತ ಅಲ್ಲೇ ಗೊತ್ತಾಗುತ್ತದೆ.

ಅಂದ ಹಾಗೆ, ನಿಮ್ಮ 1ರ ನಿಯಮವನ್ನು 2022ರಲ್ಲಿ ಪುಸ್ತಕದವರೂ ಆಡಿ ನೋಡಲು ಕೊಟ್ಟಿದ್ದರು, ಬೀಗ, ಮಾತುಕತೆಯಂಥ ಎಲ್ಲ ಚೆಕ್ಕಿಗೂ ಸೇರಿಸಿ. ಆಮೇಲೆ ಕೈಬಿಟ್ಟರು.

ಕುಂಜಿಬೆಟ್ಟು_ಕಳ್ಳ:
ರಿಪೋರ್ಟ್ ಅಳಿಸಿದೆ. ಈ 2022ರ ಕತೆ ನಮ್ಮ ಡಿಎಂ ಕಿವಿಗೆ ಬೀಳದಿದ್ದರೆ ಸಾಕು. ಬಿದ್ದರೆ ಬರುವ ಭಾನುವಾರವೇ ನಮ್ಮ ಮಹಡಿಗೂ ತರುತ್ತಾನೆ.